ಸಣ್ಗೌಡ್ರೆ, ಒಂದು ಸಣ್ ವಿಷ್ಯ

ಬೆಳಿಗ್ಗೆ ಕಣದಲ್ಲಿ ಮೆಣಸು ಹರಡಿಸುತ್ತಿದ್ದಾಗ ಫೋನು ಬಂತು. "ಸಣ್ಗೌಡ್ರೆ, ಒಂದು ಸಣ್ ವಿಷ್ಯ." ಮೇಸ್ತ್ರಿ. ಜೀಪು ಮನೆಗೆ ಬಂದಾಗಿದೆ, ದುಡ್ಡು ಎಣಿಸಿ ಕೊಟ್ಟಾಗಿದೆ, ಇನ್ನೆಂತ ಸಣ್ಣ ವಿಷಯ ಮಾರಾಯ್ರೆ? "ಹೊಸ ಕಮಾನು ಪ್ಲೇಟು ಓಡಿದ್ ಮೇಲೆ ಸ್ವಲ್ಪ ಕೂತ್ಕಳತ್ತೆ. ಯು ಬೋಲ್ಟ್ ಇನ್ನೊಂದ್ಸಲ ಟೈಟ್ ಮಾಡ್ಬೇಕು. ಗಾಡಿ ತಗಂಬನ್ನಿ." ಅವರು ಹೇಳಿದ್ದು ಸರಿ, ಕಮಾನು ಪ್ಲೇಟನ್ನು, ಅಂದರೆ ಜೀಪಿನ ಭಾರ ಹೊರುವ ಬಾಗಿದ ಉಕ್ಕಿನ ಪಟ್ಟಿಗಳನ್ನು, ಚಕ್ರಗಳ ಆಕ್ಸಲ್ಲಿಗೆ ಕಟ್ಟಿಹಿಡಿಯುವುದೇ ಆ ಬೋಲ್ಟು, ಅದನ್ನು ಬಿಗಿ ಮಾಡಲೇಬೇಕು. ತಗೊಂಡು ಹೋಗಲು ನನ್ನದೇನೂ ಅಡ್ಡಿಯಿಲ್ಲ. ಆದರೆ ಅವರ ಗ್ಯಾರೇಜಿನ ಒಳಗೆ ಹೋದ ಜೀಪು ಹೊರಗೆ ಬರುವುದು ಬೇರೆಯೇ ಕತೆ.

ನನಗೀಗ ಅರವತ್ತರ ಹತ್ತಿರ. ಉಳಿದ ನಾಲ್ಕು ಕೂದಲೂ ಬೆಳ್ಳಗಾಗಿವೆ. ಆದರೂ ಮೇಸ್ತ್ರಿಗೆ ನಾನು ಸಣ್ಗೌಡ. ದೊಡ್ಗೌಡ್ರು ಅಂದರೆ ಅಪ್ಪ. ಅಪ್ಪ ಹೋಗಿ ವರ್ಷಗಳಾದರೂ ಆ ಹುದ್ದೆ ಖಾಲಿಯಾಗಿಯೇ ಇದೆ, ನನಗೆ ಬಡ್ತಿ ಸಿಕ್ಕಿಲ್ಲ.

ಜೀಪೂ ಅಪ್ಪನ ಕಾಲದ್ದೇ, ಎಂಎಂ 540. ಮಹೀಂದ್ರದವರು 1947ರಲ್ಲಿ ವಿಲ್ಲೀಸ್ ಜೀಪು ಜೋಡಿಸಲು ಶುರುಮಾಡಿದಾಗಿಂದ ಇಳಿದು ಬಂದ ವಂಶ. ಎಂಜಿನ್ನು ಮಾತ್ರ ಫ್ರಾನ್ಸಿನ ಪ್ಯೂಜೋ ಮನೆತನದ 2112 ಸಿಸಿ ಡೀಸೆಲ್ಲು. ಮುಂದೊಂದು ಗಟ್ಟಿ ಆಕ್ಸಲ್, ಹಿಂದೊಂದು ಗಟ್ಟಿ ಆಕ್ಸಲ್, ನಾಲ್ಕು ಕಡೆಗೂ ಕಮಾನು ಪ್ಲೇಟು. ಇದರಲ್ಲಿ ಮುಚ್ಚಿಟ್ಟದ್ದು ಅಂತ ಏನೂ ಇಲ್ಲ, ನೆಲದ ಮೇಲೆ ಮಲಗಿ ನೋಡಿದರೆ ಎಲ್ಲಾ ಕಾಣುತ್ತದೆ. ಕಾಫಿ ಮೂಟೆ, ಗೊಬ್ಬರದ ಚೀಲ, ಮದುವೆ ದಿಬ್ಬಣ ಎಲ್ಲಾ ಹೊತ್ತು ಹೊತ್ತು ಹಿಂದಿನ ಪ್ಲೇಟುಗಳು ಚಪ್ಪಟೆಯಾಗಿ, ಆಮೇಲೆ ಬಿಲ್ಲು ಉಲ್ಟಾ ಬಾಗಲು ಶುರುವಾಗಿತ್ತು. ತೋಟದ ಏರಿಗೆ ಹಳೇ ಟಯರು ಸಾಲದೆ ಏಳು-ಹದಿನಾರರ ದೊಡ್ಡ ಟಯರು ತಂದರೆ, ತಿರುವಿನಲ್ಲಿ ಅದು ಮಡ್‌ಗಾರ್ಡಿಗೆ ಉಜ್ಜತೊಡಗಿತು. ಬೆಂಗಳೂರಿನಿಂದ ಬಂದ ಅಣ್ಣನ ಮಗ ಮೊಬೈಲಿನಲ್ಲಿ ಯಾವುದೋ ಮರಳುಗಾಡಿನ ವೀಡಿಯೊ ತೋರಿಸಿ, "ಚಿಕ್ಕಪ್ಪ, ಎರಡಿಂಚು ಲಿಫ್ಟ್ ಮಾಡಿಸಿ, ಭಾನುವಾರ ಒಂದು ಮಧ್ಯಾಹ್ನದ ಕೆಲಸ" ಅಂದ. ವೀಡಿಯೊದಲ್ಲಿ ನಟ್ಟುಗಳು ಬೆರಳಲ್ಲಿ ತಿರುಗಿದ ಹಾಗೆ ಬಿಚ್ಚಿಕೊಳ್ಳುತ್ತಿದ್ದವು. ಮರಳುಗಾಡಲ್ಲವೇ, ಮಳೆ ಎಲ್ಲಿಂದ ಬರಬೇಕು! ಇದು ಮೂಡಿಗೆರೆ ತಾಲ್ಲೂಕು. ಇಲ್ಲಿ ಜೂನಿನಲ್ಲಿ ಕೊಡೆ ಬಿಚ್ಚಿದವರು ಮಡಚುವುದೇ ಸೆಪ್ಟೆಂಬರಿಗೆ.

ಮೇಸ್ತ್ರಿ ಮೊದಲು ಸಿದ್ಧಾಂತ ಹೇಳಿದರು. ಜೀಪು ಏರಿಸಲು ಅಗ್ಗದ ದಾರಿ ಅಂದರೆ ಪ್ಲೇಟಿನ ಒಂದು ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ, ಅದೇ ಶಾಕಲ್, ಉದ್ದನೆಯದು ಹಾಕುವುದು. ಆದರೆ ಶಾಕಲ್ ಎರಡಿಂಚು ಉದ್ದವಾದರೆ ಜೀಪು ಏರುವುದು ಒಂದೇ ಇಂಚು, ಯಾಕೆಂದರೆ ಆಕ್ಸಲ್ ಇರುವುದು ಪ್ಲೇಟಿನ ನಡುವೆ. "ಅದು ಸುಳ್ಳು ಕೆಲ್ಸ. ನಾವು ಪ್ಲೇಟಿಗೇ ಹೊಸ ಬಿಲ್ಲು ಹೊಡ್ಸಿ, ಒಂದು ಪ್ಲೇಟು ಜಾಸ್ತಿ ಹಾಕುವ." ಒಪ್ಪಿದೆ. ಎಷ್ಟಾಗಬಹುದು ಅಂದೆ. "ಬಿಚ್ಚಿದ್ ಮೇಲೆ ನೋಡುವ" ಅಂದರು.

ಅಲ್ಲಿಂದ ಫೋನು ಶುರು.

ಮೊದಲನೆಯ ಸಣ್ಣ ವಿಷಯ: ಯು ಬೋಲ್ಟಿನ ನಟ್ಟು ಬಿಚ್ಚುತ್ತಿಲ್ಲ. ಸೀಮೆಎಣ್ಣೆ ಹೊಯ್ದು ರಾತ್ರಿಯೆಲ್ಲ ಬಿಟ್ಟರೂ ಇಲ್ಲ, ಗ್ಯಾಸ್ ಕಟ್ಟರಿನಲ್ಲಿ ಕೊಯ್ಯಬೇಕು. ಕೊಯ್ದರು. ಎರಡನೆಯದು: ಕೊಯ್ಯುವಾಗ ಶಾಕಲ್ ಪಿನ್ನೂ ಬುಶ್ಶೂ ಹೋದವು. ಮೂರನೆಯದು ಬಂದಾಗ ನಾನು ಒಂದು ವೈಕುಂಠ ಸಮಾರಾಧನೆಯ ಪಂಕ್ತಿಯಲ್ಲಿ ಕೂತಿದ್ದೆ, ಎಲೆಗೆ ಪಾಯಸ ಬೀಳುವ ಹೊತ್ತು. "ಸಣ್ಗೌಡ್ರೆ, ಒಂದು ಸಣ್ ವಿಷ್ಯ. ಬ್ರೇಕ್ ಇಲ್ಲ." ನನ್ನ ಮುಖ ನೋಡಿ ಪಕ್ಕದವರು ಊಟ ನಿಲ್ಲಿಸಿದರು. ವಿಷಯ ಇಷ್ಟೇ: ಚಾಸಿಯಿಂದ ಆಕ್ಸಲ್ಲಿಗೆ ಇಳಿಯುವ ಬ್ರೇಕ್ ಹೋಸು ಹಳೇ ಎತ್ತರದ ಅಳತೆಯದು. ಜೀಪು ಏರಿದ ಮೇಲೆ ಗುಂಡಿಯಲ್ಲಿ ಚಕ್ರ ಪೂರ್ತಿ ಇಳಿದರೆ ಅದು ಬಿಗಿದು ಹರಿಯಬಹುದು, ಉದ್ದದ್ದು ಬೇಕು. ಇದನ್ನು ಹೀಗೆ ಹೇಳಬಹುದಿತ್ತು. ಮೇಸ್ತ್ರಿ ಹಾಗೆಲ್ಲ ಹೇಳುವವರಲ್ಲ. ಅವರು ಮೊದಲು ಎದೆ ನಿಲ್ಲಿಸುತ್ತಾರೆ, ಆಮೇಲೆ ವಿವರಕ್ಕೆ ಬರುತ್ತಾರೆ. ಶಾಕ್ ಅಬ್ಸಾರ್ಬರಿನದೂ ಅದೇ ಪಾಡು, ಅದೂ ಗಿಡ್ಡ. ಆ ಫೋನು ರಾತ್ರಿ ಒಂಬತ್ತೂವರೆಗೆ.

ಫೋನಿನ ಹಿಂದೆಯೇ ವಾಟ್ಸಾಪಿನಲ್ಲಿ ಫೋಟೊ. ಹೊಟ್ಟೆಯಿಂದ ತೆಗೆದ ಕಲ್ಲನ್ನು ಡಾಕ್ಟರು ಮನೆಯವರಿಗೆ ತೋರಿಸುವ ಹಾಗೆ, ಅಂಗೈಯಲ್ಲಿ ಏನೋ ಕರ್ರಗಿನದು. ಅಂಗೈಯೂ ಕರ್ರಗೆ, ಹಿಂದಿನ ನೆಲವೂ ಕರ್ರಗೆ. ಎಲ್ಲಿ ಅಂಗೈ ಮುಗಿದು ಎಲ್ಲಿ ಬುಶ್ಶು ಶುರುವಾಗುತ್ತದೆ ಅಂತ ದೊಡ್ಡದು ಮಾಡಿ ನೋಡಿದರೂ ತಿಳಿಯದು. ಕೆಳಗೆ ಒಂದೇ ಸಾಲು: "ನೋಡಿ". ನೋಡಿದೆ. ಇನ್ನೇನು ಮಾಡಲಿ? ಸುಮ್ಮನಿದ್ದರೆ ಮತ್ತೆ ಫೋನು: "ನೋಡಿದ್ರಾ?"

ಜೋಡಿಸಿ ಆದ ಮೇಲೆ ಓಡಿಸಿ ನೋಡಲು ಕರೆದರು. ಸ್ಟೇರಿಂಗು ನೇರ ಹಿಡಿದರೆ ಜೀಪು ಚರಂಡಿಗೆ ಹೊರಟಿತು. ಏರಿಸಿದಾಗ ಸ್ಟೇರಿಂಗಿನ ಎಳೆತವನ್ನು ಚಕ್ರಕ್ಕೆ ಮುಟ್ಟಿಸುವ ಡ್ರ್ಯಾಗ್ ಲಿಂಕಿನ ಕೋನ ಬದಲಾಗಿ ಚಕ್ರ ಒಂದು ಕಡೆ ಎಳೆದಿರುತ್ತದೆ, ಅದನ್ನು ಮತ್ತೆ ಸರಿಹೊಂದಿಸಬೇಕು. ಮೇಸ್ತ್ರಿಯ ಪರಿಹಾರ: "ಸದ್ಯಕ್ಕೆ ಸ್ಟೇರಿಂಗ್ ಸ್ವಲ್ಪ ಎಡಕ್ಕೆ ಹಿಡ್ಕಳಿ, ಗಾಡಿ ನೇರ ಹೋಗತ್ತೆ." ಜೋರು ಬಿಟ್ಟರೆ ಕೆಳಗಿನಿಂದ ಗುಂಯ್ ಅಂತ ನಡುಕ. ಎಂಜಿನ್ನಿನ ಶಕ್ತಿಯನ್ನು ಹಿಂದಿನ ಆಕ್ಸಲ್ಲಿಗೆ ಮುಟ್ಟಿಸುವ ಪ್ರೊಪೆಲರ್ ಶಾಫ್ಟು ಈಗ ಹೆಚ್ಚು ಇಳಿಜಾರಾಗಿ ತಿರುಗುತ್ತದೆ, ಅದರ ಜಾಯಿಂಟಿಗೆ ಆ ಕೋನ ಹಿಡಿಸುತ್ತಿಲ್ಲ. ಆಕ್ಸಲ್ಲಿಗೂ ಪ್ಲೇಟಿಗೂ ನಡುವೆ ಒಂದು ಓರೆ ಬೆಣೆ ಕೊಟ್ಟರೆ ಸರಿಯಾಗುತ್ತದೆ. "ಎಷ್ಟು ಸ್ಪೀಡಲ್ಲಿ ಗುಂಯ್ ಅಂತು?" ಅಂತ ಕೇಳಿದರು. ನಲವತ್ತಿರಬಹುದು ಅಂದೆ. "ಈ ರೋಡಲ್ಲಿ ನಲವತ್ತರ ಮೇಲೆ ಯಾಕ್ ಹೋಗ್ತೀರಿ?" ಸ್ಪೀಡೋಮೀಟರು ಅಪ್ಪನ ಕಾಲದಲ್ಲೇ ನಿಂತಿದೆ, ಹಾಗಾಗಿ ಗುಂಯ್ ಅಂದಾಗ ನಲವತ್ತಾಯಿತು ಅಂತ ತಿಳಿಯುತ್ತದೆ. ಅಷ್ಟರ ಮಟ್ಟಿಗೆ ಉಪಕಾರವೇ. ಬೆಣೆ ಇನ್ನೂ ಹಾಕಿಸಿಲ್ಲ.

ಊರಿನವರದು ಬೇರೆ ರಗಳೆ. ನಮ್ಮ ರಸ್ತೆಯ ನಟ್ಟನಡುವೆ ಒಂದು ಬಂಡೆ ಎದ್ದಿದೆ, ಎಲ್ಲರ ಜೀಪಿನ ಆಕ್ಸಲ್ಲಿನಲ್ಲಿ ಗುಂಡಗೆ ಉಬ್ಬಿರುವ ಡಿಫರೆನ್ಷಿಯಲ್ ಹೌಸಿಂಗನ್ನೂ ಅದು ಮಾತಾಡಿಸದೆ ಬಿಡುವುದಿಲ್ಲ. ಸೊಸೈಟಿ ಹತ್ತಿರ ಸಿಕ್ಕವರೆಲ್ಲ, "ಇನ್ನು ಆ ಕಲ್ಲು ನಿಮ್ಗೆ ತಾಗಲ್ಲ ಬಿಡಿ" ಅನ್ನುತ್ತಾರೆ. ತಾಗುತ್ತದೆ ಸ್ವಾಮಿ! ಕಮಾನು ಏರಿಸಿದರೆ ಏರುವುದು ಚಾಸಿ, ಬಾಡಿ, ಅದರಲ್ಲಿ ಕೂತ ನಾವು. ಡಿಫರೆನ್ಷಿಯಲ್ ಆಕ್ಸಲ್ಲಿನ ಜೊತೆ ಕೆಳಗೇ ಇರುತ್ತದೆ. ಟಯರು ದೊಡ್ಡದಾದದ್ದರಿಂದ ಅದಕ್ಕೆ ಹೆಚ್ಚುಕಮ್ಮಿ ಒಂದಿಂಚು ಸಿಕ್ಕಿದೆ, ಅಷ್ಟೇ. ಇದನ್ನು ಮಣ್ಣಲ್ಲಿ ಕಡ್ಡಿ ಗೀಚಿ ವಿವರಿಸಿದೆ. ಎಲ್ಲಾ ಕೇಳಿಕೊಂಡು ಒಬ್ಬರು, "ಹಾಗಾದ್ರೆ ಎಂತಕ್ಕೆ ಏರ್ಸಿದ್ದು?" ಅಂದರು. ಇನ್ನೊಬ್ಬರು ಕಾನೂನು ತೆಗೆದರು. ಕಂಪನಿ ಕೊಟ್ಟ ರೂಪ ಬದಲಿಸಬಾರದು ಅಂತ 2019ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡವೂ ಬಂದಿದೆ, ಆರು ತಿಂಗಳ ಜೈಲಿಗೂ ಅವಕಾಶವಿದೆ. ಮೇಸ್ತ್ರಿಗೆ ಹೇಳಿದರೆ, "ಇದು ಏರ್ಸಿದ್ದಲ್ಲ ಸಣ್ಗೌಡ್ರೆ, ಕುಸಿದದ್ದು ಎದ್ದದ್ದು" ಅಂದರು. ಅರ್ಧ ನಿಜ. ಉಳಿದರ್ಧವನ್ನು ಮುಂದಿನ ಎಫ್‌ಸಿಗೆ, ಅಂದರೆ ಗಾಡಿಯ ಫಿಟ್‌ನೆಸ್ ತಪಾಸಣೆಗೆ, ಹೋದಾಗ ಯಾರಿಗೆ ಹೇಳುವುದೋ.

ಮನೆಯಲ್ಲಿ ಸೋದರತ್ತೆ ಇದ್ದಾರೆ. ಹೊರಗೆ ಹೊರಟರೆ ಈಗ ಅವರಿಗೊಂದು ಸ್ಟೂಲು. ಮೊನ್ನೆ ಮದುವೆಗೆ ರೇಷ್ಮೆ ಸೀರೆ ಎತ್ತಿ ಹಿಡಿದು, ಸ್ಟೂಲು ಹತ್ತಿ, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು ನಿಂತು, "ನಿಮ್ಮಪ್ಪ ಇದ್ದಿದ್ರೆ ಹೀಗ್ ಮಾಡ್ತಿರ್ಲಿಲ್ಲ" ಅಂದರು. ನಾನು ಮಾತಾಡಲಿಲ್ಲ. ಡ್ರೈವರ್ ಬದಿಯ ತಗಡಿನಲ್ಲಿ ಅಪ್ಪ ಎಡಗಾಲು ಊರಿ ಬಲಗಡೆಯಿಂದ ಹತ್ತುತ್ತಿದ್ದ ಜಾಗದಲ್ಲಿ ಬಣ್ಣ ಸವೆದು ಅಂಗೈಯಗಲ ಹೊಳೆಯುತ್ತದೆ. ಮಳೆಗಾಲದ ಅಪರಾತ್ರಿ ಯಾರಿಗಾದರೂ ಹೆರಿಗೆ ನೋವೆಂದರೆ ಬನಿಯನ್ನಿನಲ್ಲೇ ಅಲ್ಲಿ ಕಾಲಿಟ್ಟು ಹಾರಿ ಕೂರುತ್ತಿದ್ದರು. ನನ್ನ ಕಾಲೂ ಇಷ್ಟು ವರ್ಷ ಅಲ್ಲಿಗೇ ಹೋಗುತ್ತಿತ್ತು. ಈಗ ಎಟಕುವುದಿಲ್ಲ, ಮೊದಲು ಹಿಡಿಕೆ ಹಿಡಿದು ಮೈಯನ್ನೇ ಮೇಲೆಳೆದುಕೊಳ್ಳಬೇಕು.

ಇನ್ನು ಶೆಡ್ಡು. ಅಪ್ಪ ಜೀಪಿನ ಅಳತೆ ತೆಗೆದು ಕಟ್ಟಿಸಿದ್ದು, ಒಂದಿಂಚೂ ದಂಡ ಮಾಡಿಲ್ಲ. ಮೊದಲ ದಿನವೇ ಅಡ್ಡ ಪೈಪಿಗೆ ಸಿಕ್ಕಿ ಹುಡ್ಡಿನ ಟಾರ್ಪಾಲು ಪರ್ರಂತ ಹರಿಯಿತು. ಶೆಡ್ಡು ಏರಿಸಲು ವೆಲ್ಡಿಂಗಿನವನು ಹೇಳಿದ ರೇಟಿಗೆ ಇನ್ನೊಂದು ಸೆಟ್ ಕಮಾನು ಬರುತ್ತಿತ್ತು. ಕೊನೆಗೆ ಅತ್ತೆಯೇ ದಾರಿ ಹೇಳಿದರು: ಮೇಲೆ ಏರಿಸಲಾಗದಿದ್ದರೆ ಕೆಳಗೆ ಅಗೆಯಿರಿ. ಸರಿ, ಚಕ್ರ ಹೋಗುವ ಎರಡು ಸಾಲು ಮಾತ್ರ ಮೂರಿಂಚು ಅಗೆಯಲು ಹೇಳಿದೆ. ಎಡಗಡೆಯ ಸಾಲು ಚೆನ್ನಾಗಿ ಬಂತು. ಬಲಗಡೆಯದರಲ್ಲಿ ಬಚ್ಚಲಿನ ಪೈಪಿತ್ತು. ಪ್ಲಂಬರ್ ನಾಳೆ ಬರುತ್ತಾನಂತೆ. ಅಲ್ಲಿಯವರೆಗೆ ಸ್ನಾನ ಹಿತ್ತಲಿನಲ್ಲಿ, ಜೀಪು ಅಂಗಳದಲ್ಲಿ.