ಪತ್ತನಾಜೆ ಕಳೆದ ಮೇಲೆ ಕ್ಯಾಮೆರಾ ಎಲ್ಲಿಡುತ್ತೀರಿ?

ಹೊಸ ಮಿರರ್‌ಲೆಸ್ ಕ್ಯಾಮೆರಾಕ್ಕೆ ಲಕ್ಷ ರೂಪಾಯಿ ಸುರಿಯಲು ಹೊರಟಿರುವ ಕಾಸರಗೋಡಿನ ಹವ್ಯಾಸಿ ಗೆಳೆಯರೇ, ಮೊದಲು ಕಪಾಟು ತೆರೆದು ಹಳೆಯ ಲೆನ್ಸುಗಳನ್ನು ನೋಡಿ. ನಮ್ಮ ಕರಾವಳಿಯಲ್ಲಿ ಲೆನ್ಸು ಹೆಚ್ಚಾಗಿ ಹಾಳಾಗುವುದು ಅಲ್ಲೇ.

ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ದೈವದ ಕೋಲಗಳೂ ನಿಲ್ಲುತ್ತವೆ. ಮತ್ತೆ ದೀಪಾವಳಿ ಹತ್ತಿರ ಬರುವ ತನಕ ಕ್ಯಾಮೆರಾಕ್ಕೆ ಕೆಲಸ ಕಡಿಮೆ. ಚರ್ಮದ ಕೇಸಿನಲ್ಲಿಟ್ಟು ಬೀಗ ಹಾಕಿದರೆ ಮಳೆಗಾಲದ ಆಟಿ ತಿಂಗಳು ಮುಗಿಯುವುದರೊಳಗೆ ಗಾಜಿನ ಮೇಲೆ ಜೇಡರ ಬಲೆಯಂಥ ಬೂಷ್ಟು ಎದ್ದಿರುತ್ತದೆ. ಚರ್ಮ ತೇವ ಹಿಡಿದಿಡುತ್ತದೆ, ತೇವಾಂಶ ಶೇ. 60 ದಾಟಿ, ಕತ್ತಲೂ ಸಿಕ್ಕಿದರೆ ಬೂಷ್ಟಿಗೆ ಅಷ್ಟು ಸಾಕು. ಅದು ಬಿಡುವ ಆಮ್ಲ ಗಾಜಿನ ಲೇಪವನ್ನು ತಿನ್ನುತ್ತದೆ. ಶುರುವಿನಲ್ಲೇ ಕಂಡರೆ ಬಿಚ್ಚಿ ಒರೆಸಬಹುದು. ಲೇಪ ಹೋದ ಮೇಲೆ ಯಾವ ರಿಪೇರಿಯವರಿಂದಲೂ ಆಗದು. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿ) ಪೂರ್ತಿ ತೆರೆದು, ಹಿಂದಿನಿಂದ ಟಾರ್ಚನ್ನು ಓರೆಯಾಗಿ ಹಾಯಿಸಿ, ಮುಂದಿನಿಂದ ನೋಡಿದರೆ ಎಳೆಗಳು ಕಾಣುತ್ತವೆ.

ಬೂಷ್ಟು ತಡೆಯಲು ಬೇಕಾದದ್ದು ಇಷ್ಟೇ: ರಬ್ಬರ್ ಪಟ್ಟಿಯಿರುವ ಗಾಳಿ ಹೋಗದ ಡಬ್ಬ, ತೇವ ಹೀರುವ ಸಿಲಿಕಾ ಜೆಲ್ ಅರ್ಧ ಕಿಲೋ, ತೇವಾಂಶ ತೋರಿಸುವ ಒಂದು ಸಣ್ಣ ಮೀಟರ್. ಮೀಟರ್ ಶೇ. 40ರಿಂದ 50ರೊಳಗೆ ನಿಲ್ಲಬೇಕು. ಕಿತ್ತಳೆ ಬಣ್ಣದ ಜೆಲ್ ತೆಗೆದುಕೊಳ್ಳಿ. ಅದು ಹಸಿರಾದಾಗ ಓವನ್ನಿನಲ್ಲಿ 120 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿ, ಮುಚ್ಚಿದ ಬಾಟಲಿಯಲ್ಲಿ ತಣಿಸಿ ಡಬ್ಬಕ್ಕೆ ಹಾಕಿ. ತೆರೆದಿಟ್ಟು ತಣಿಸಿದರೆ ಮಳೆಗಾಲದ ಗಾಳಿಯನ್ನೇ ಮತ್ತೆ ಕುಡಿಯುತ್ತದೆ. ನೀಲಿ ಜೆಲ್ಲಿನಲ್ಲಿ ವಿಷಕಾರಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅಡುಗೆಯ ಓವನ್ನಿಗೆ ಅದನ್ನು ಹಾಕಲೇಬೇಡಿ. ಅಕ್ಕಿಯಲ್ಲಿ ಹೂತಿಡುವುದು ಬೇಡ, ಧೂಳೇ ಲಾಭ. ನ್ಯಾಫ್ತಲೀನ್ ಗುಳಿಗೆಯೂ ಬೇಡ, ಅದರ ಆವಿ ಗಾಜಿನ ಮೇಲೆ ಕೂರುತ್ತದೆ.

ಇಷ್ಟೆಲ್ಲ ಯಾಕೆಂದರೆ, ಕ್ಯಾಮೆರಾ ಬದಲಾದರೂ ಒಳ್ಳೆಯ ಗಾಜು ಉಳಿಯುತ್ತದೆ. ಫಿಲ್ಮ್ ಕಾಲದ ನಿಕಾನ್ ಲೆನ್ಸಿಗೆ ಮೌಂಟಿನಿಂದ (ಲೆನ್ಸು ಕೂರುವ ಬಾಯಿ) ಫಿಲ್ಮಿಗೆ 46.5 ಮಿ.ಮೀ. ದೂರ ಬೇಕು, ಸೋನಿ ಇ ಮೌಂಟಿನಲ್ಲಿ ಇರುವುದು 18. ನಡುವಿನ 28.5 ಮಿ.ಮೀ.ನಲ್ಲಿ ಇವೆರಡನ್ನು ಜೋಡಿಸುವ ಅಡಾಪ್ಟರ್ ಕೂರುತ್ತದೆ. ಅಡಾಪ್ಟರ್ ಕೂದಲೆಳೆಯಷ್ಟು ಹೆಚ್ಚು ದಪ್ಪವಾದರೂ ದೂರದ ಗುಡ್ಡ ಫೋಕಸ್ಸಿಗೇ ಬರುವುದಿಲ್ಲ. ತೆಳುವಾದರೆ ತೊಂದರೆಯಿಲ್ಲ, ಫೋಕಸ್ ರಿಂಗ್ ತುಸು ಹಿಂದೆ ನಿಲ್ಲಿಸಿದರಾಯಿತು. ಹಳೆಯ ಲೆನ್ಸನ್ನು ಕ್ಯಾಮೆರಾ ಗುರುತಿಸುವುದಿಲ್ಲ, ಹಾಗಾಗಿ ಮೆನುವಿನಲ್ಲಿ ಲೆನ್ಸ್ ಇಲ್ಲದೆಯೂ ಶಟರ್ ಬೀಳುವ ಆಯ್ಕೆ ಹಾಕಿ, ಸ್ಟೆಬಿಲೈಸರಿಗೆ ಫೋಕಲ್ ಲೆಂತನ್ನು ಕೈಯಾರೆ ಕೊಡಿ. ನಿಕಾನ್‌ನದೇ ಝಡ್ ಕ್ಯಾಮೆರಾ ಕೊಂಡವರು ಗಮನಿಸಿ: ಎಫ್‌ಟಿಝಡ್ ಅಡಾಪ್ಟರಿನಲ್ಲಿ ಒಳಗೆ ಮೋಟಾರಿಲ್ಲದ ಹಳೆಯ ಎಎಫ್-ಡಿ ಲೆನ್ಸುಗಳಿಗೆ ಆಟೋಫೋಕಸ್ ಇಲ್ಲ, ಅವನ್ನು ತಿರುಗಿಸುವ ಮೋಟಾರು ಅದರಲ್ಲಿಲ್ಲ.

ಯಕ್ಷಗಾನ ಆಟದ ರಂಗಸ್ಥಳಕ್ಕೆ ಹಳೆಯ 50 ಮಿ.ಮೀ. ಎಫ್ 1.8 ಈಗಲೂ ಧಾರಾಳ ಸಾಕು. ಐಎಸ್‌ಒ 3200, ಅಪರ್ಚರ್ 2.8. ಕಷ್ಟ ಕೊಡುವುದು ಅಗ್ಗದ ಎಲ್‌ಇಡಿ ದೀಪ. ನಮ್ಮ ಕರೆಂಟು 50 ಹರ್ಟ್ಸ್, ಅಂಥ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ 1/100 ಸೆಕೆಂಡಿಗೆ ಇಟ್ಟರೆ ಚಿತ್ರದಲ್ಲಿ ಪಟ್ಟೆ ಬೀಳದು, ಆದರೆ ದಿಗಿಣ (ಸುತ್ತುತ್ತಾ ಹಾರುವ ಕುಣಿತ) ಕಲಸಿಹೋಗುತ್ತದೆ. 1/500ಕ್ಕೆ ಏರಿಸಿದರೆ ವೇಷ ನಿಲ್ಲುತ್ತದೆ, ಪಟ್ಟೆ ಬರುತ್ತದೆ. ಮೆಕ್ಯಾನಿಕಲ್ ಶಟರ್ ಜೊತೆ, ಮಿನುಗಿಗೆ ಹೊಂದಿಕೊಳ್ಳುವ ಆ್ಯಂಟಿ-ಫ್ಲಿಕರ್ ಆಯ್ಕೆ ಹಾಕಿ, ಅದಿಲ್ಲದಿದ್ದರೆ 1/100ರಲ್ಲೇ ಇದ್ದು ತಾಳ ಮುಗಿಯುವ ಮುಕ್ತಾಯದ ಪೆಟ್ಟಿಗೆ ವೇಷಧಾರಿ ನಿಲ್ಲುವ ಕ್ಷಣಕ್ಕೆ ಕಾಯಿರಿ. ತಾಳ ಗೊತ್ತಿದ್ದವರಿಗೆ ಇದು ಕಷ್ಟವಲ್ಲ.

ಊಟಿಯಲ್ಲಿ ತಯಾರಾಗುತ್ತಿದ್ದ ‘ಇಂದು’ ಫಿಲ್ಮಿನ ಕಾಲದ ನೆಗೆಟಿವ್ ಇದ್ದವರು ಡಬ್ಬ ತೆರೆದು ಮೂಸಿ ನೋಡಿ. ವಿನೆಗರ್ ವಾಸನೆ ಬಂದರೆ ಫಿಲ್ಮಿನ ಅಸಿಟೇಟ್ ಹಾಳೆ ಕೊಳೆಯತೊಡಗಿದೆ. ಅದರ ಆವಿ ಪಕ್ಕದವನ್ನೂ ಕೆಡಿಸುತ್ತದೆ. ಅಂಥವನ್ನು ಇವತ್ತೇ ಬೇರೆ ಇಟ್ಟು, ಸ್ಕ್ಯಾನಿಂಗ್ ಅವುಗಳಿಂದಲೇ ಶುರುಮಾಡಿ.