ರೈಲು ಸಮಯಕ್ಕೆ ಬರ್ತಿತ್ತು ಅನ್ನೋ ಮಾತು

ಇಟಲಿಯ ಸರ್ವಾಧಿಕಾರಿ ಮುಸೊಲಿನಿ ಕ್ರೂರಿ ಇರಬಹುದು, ಆದರೆ ರೈಲುಗಳನ್ನಂತೂ ಸಮಯಕ್ಕೆ ಸರಿಯಾಗಿ ಓಡಿಸಿದ. ಈ ಮಾತು ಫಾರ್ವರ್ಡ್ ಸಂದೇಶಗಳಲ್ಲಿ ಮತ್ತೆ ಮತ್ತೆ ಸುತ್ತುತ್ತದೆ.

ಇದು ಬಹುಮಟ್ಟಿಗೆ ತಪ್ಪು. ಮೊದಲ ಮಹಾಯುದ್ಧದಲ್ಲಿ ಸೊರಗಿದ್ದ ರೈಲ್ವೆಯ ದುರಸ್ತಿ, ಆತ 1922ರಲ್ಲಿ ಅಧಿಕಾರಕ್ಕೆ ಬರುವ ಮೊದಲೇ ಶುರುವಾಗಿತ್ತು. ಪ್ರವಾಸಿಗರು ಜಾಸ್ತಿ ಓಡಾಡುವ ಮಾರ್ಗಗಳು ಸುಧಾರಿಸಿದ್ದು ನಿಜ. ಉಳಿದ ಕಡೆ ರೈಲು ತಡವಾಗುತ್ತಲೇ ಇತ್ತು ಎಂದು ಆಗ ಅಲ್ಲಿ ಪ್ರಯಾಣ ಮಾಡಿದವರೇ ಬರೆದಿದ್ದಾರೆ. ಪತ್ರಿಕೆಗಳೆಲ್ಲ ಸರ್ಕಾರದ ಮುಷ್ಟಿಯಲ್ಲಿದ್ದಾಗ ತಡವಾದ ರೈಲಿನ ಸುದ್ದಿಯನ್ನು ಅಚ್ಚು ಹಾಕುವವರು ಯಾರು, ಅಲ್ವಾ?

ಹಂಚುವವರಿಗೆ ಕೆಟ್ಟ ಉದ್ದೇಶ ಇರುತ್ತದೆ ಅಂತಲ್ಲ. ಸತ್ತವರ ಲೆಕ್ಕದಲ್ಲಿ ಒಂದಾದರೂ ಒಳ್ಳೆಯದು ಇರಲಿ ಅನಿಸುವುದು ಸಹಜ.

ಯಾವ ನಾಯಕರ ಬಗ್ಗೆ ಇಂಥ ಸಂದೇಶ ಬಂದರೂ ಮೂರು ಇಸವಿ ಹುಡುಕಿ: ಕೆಲಸದ ಯೋಜನೆ ಆಗಿದ್ದು ಯಾವಾಗ, ದುಡ್ಡು ಮಂಜೂರಾಗಿದ್ದು ಯಾವಾಗ, ಮುಗಿದಿದ್ದು ಯಾವಾಗ. ಅವನ್ನು ಆ ನಾಯಕ ಅಧಿಕಾರದಲ್ಲಿದ್ದ ವರ್ಷಗಳ ಪಕ್ಕ ಇಟ್ಟು ನೋಡಿ. ಹಳೆಯ ಬಜೆಟ್, ಶಾಸನಸಭೆಯ ಚರ್ಚೆಗಳ ದಾಖಲೆ, ಆ ಕಾಲದ ಪತ್ರಿಕೆಗಳು ಗ್ರಂಥಾಲಯದಲ್ಲಿ ಸಿಗುತ್ತವೆ. ಎಷ್ಟೋ ದೇಶಗಳಲ್ಲಿ ಆನ್‌ಲೈನಲ್ಲೂ ಇವೆ. ಹೊಗಳುವ ಪತ್ರಿಕೆಯ ಜೊತೆ ತೆಗಳುವ ಪತ್ರಿಕೆಯನ್ನೂ ಓದಿ. ತೆಗಳುವ ಪತ್ರಿಕೆಯೇ ಇಲ್ಲದಿದ್ದರೆ ಅದೂ ಒಂದು ಸುಳಿವೇ. ಬೈಯುವ ಸಂದೇಶಕ್ಕೂ ಇದೇ ಪರೀಕ್ಷೆ ಮಾಡಿ, ಸುಮ್ನೆ ನಂಬಬೇಡಿ.

ಇನ್ನೊಂದು ಮಾತು. ರೈಲು ನಿಜಕ್ಕೂ ಸಮಯಕ್ಕೆ ಬಂದಿದ್ದರೂ, 1924ರಲ್ಲಿ ಅಲ್ಲಿ ವಿರೋಧ ಪಕ್ಷದ ಸಂಸದರೊಬ್ಬರ ಕೊಲೆಯಾಯಿತು. 1926ರಲ್ಲಿ ಬೇರೆ ಪಕ್ಷಗಳನ್ನೇ ನಿಷೇಧಿಸಲಾಯಿತು. ಒಂದು ಕಡೆಯ ಲೆಕ್ಕ ಇನ್ನೊಂದು ಕಡೆಯದನ್ನು ಅಳಿಸುವುದಿಲ್ಲ.