ಆ ಗಲ್ಲಿಯ ಮನೆಯನ್ನು ಅವರು ಹುಡುಕಿಕೊಂಡೇ ಬಂದರು

ಪ್ರತಿ ನವೆಂಬರ್ 26ಕ್ಕೆ, 2008ರ ಮುಂಬೈ ಉಗ್ರರ ದಾಳಿಯ ನೆನಪಿಗೆ, ನಮ್ಮವರ ಫೇಸ್‌ಬುಕ್ ವಾಲ್ ತುಂಬಾ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಫೋಟೊ. ಹಾಕಲೇಬೇಕು, ಬೆಂಗಳೂರಿನಲ್ಲಿ ಬೆಳೆದ ಹುಡುಗ. ಹೊಗೆ ತುಂಬಿದ ತಾಜ್ ಹೋಟೆಲ್ಲೂ ಇರುತ್ತದೆ. ಆದರೆ ಕೊಲಾಬಾದ ಇಕ್ಕಟ್ಟು ಗಲ್ಲಿಯ ನಾರಿಮನ್ ಹೌಸ್ ನೆನೆಯುವವರು ಕಡಿಮೆ. ನನ್ನನ್ನು ಜಾಸ್ತಿ ಕಾಡುವುದು ಅದೇ.

ಗಾವ್ರಿಯೆಲ್ ಹೋಲ್ಟ್ಸ್‌ಬರ್ಗ್ ಎಂಬ ಯಹೂದಿ ಗುರು, ಹೆಂಡತಿ ರಿವ್ಕಾ ಅಲ್ಲಿದ್ದರು. ದೂರದಿಂದ ಬಂದ ಯಹೂದಿಗಳಿಗೆ ಊಟ ಹಾಕುವುದು, ಪ್ರಾರ್ಥನೆಗೆ ಜಾಗ ಕೊಡುವುದು ಅವರ ಕೆಲಸ. ಅವತ್ತು ದಾಳಿಯಾದ ರೈಲ್ವೆ ಸ್ಟೇಷನ್ ಎಲ್ಲರ ಕಣ್ಣಿಗೂ ಬೀಳುತ್ತದೆ. ಈ ಮನೆಯನ್ನು ಹುಡುಕಿಕೊಂಡೇ ಹೋಗಬೇಕು. ದಾಳಿ ಮಾಡಿಸಿದ ಪಾಕಿಸ್ತಾನದ ಉಗ್ರ ಸಂಘಟನೆ ಲಷ್ಕರ್‌ನವರು ಹುಡುಕಿದ್ದರು. ಅವರ ಗೂಢಚಾರ ಡೇವಿಡ್ ಹೆಡ್ಲಿ ಮುಂಚೆಯೇ ಬಂದು ನೋಡಿಕೊಂಡು ಹೋಗಿದ್ದ. ಒತ್ತೆಯಾಳುಗಳನ್ನು ಕೊಲ್ಲಿ ಅಂತ ಪಾಕಿಸ್ತಾನದಿಂದ ಫೋನಿನಲ್ಲಿ ಹೇಳಿದರು. ಒಳಗಿದ್ದ ಆರು ಜನ ಸತ್ತರು. ರಿವ್ಕಾ ಬಸುರಿ.

ಆ ದಂಪತಿಯ ಮಗು ಮೋಶೆಯನ್ನು ನೋಡಿಕೊಳ್ಳುತ್ತಿದ್ದ ಸಾಂಡ್ರಾ ಸ್ಯಾಮ್ಯುಯೆಲ್ ಒಂದು ಕೋಣೆಯಲ್ಲಿ ಅಡಗಿದ್ದರು. ಜೊತೆಗೆ ಆ ಮನೆಯ ಇನ್ನೊಬ್ಬ ಕೆಲಸದವನು, ಮುಸ್ಲಿಂ ಹುಡುಗ. ಬೆಳಿಗ್ಗೆ ಮೋಶೆ ಅಳುವುದು ಕೇಳಿಸಿತು. ಇನ್ನೂ ಎರಡು ವರ್ಷ ತುಂಬಿರಲಿಲ್ಲ ಅದಕ್ಕೆ. ಹೋಗಿ ನೋಡಿದರೆ ಅಲುಗಾಡದ ಅಪ್ಪ ಅಮ್ಮನ ಪಕ್ಕದಲ್ಲಿ ಮಗು, ಪ್ಯಾಂಟೆಲ್ಲ ರಕ್ತ. ಎತ್ತಿಕೊಂಡು ಓಡಿಬಂದರು.

ಕಾಶ್ಮೀರಕ್ಕಾಗಿ ಹೋರಾಟ ಎನ್ನುತ್ತಾರಲ್ವಾ, ಈ ಮಗುವಿನ ಅಪ್ಪನಿಗೂ ಕಾಶ್ಮೀರಕ್ಕೂ ಏನು ಸಂಬಂಧ? ಪ್ಯಾಲೆಸ್ಟೀನ್ ಜನರ ಸಂಕಟ ನಿಜ, ನನಗೂ ಹೊಟ್ಟೆ ಉರಿಯುತ್ತದೆ. ಅದಕ್ಕೆ ಮುಂಬೈಯ ಬಸುರಿ ಹೆಂಗಸು ಹೊಣೆಯಾ? 2012ರಲ್ಲಿ ಫ್ರಾನ್ಸಿನ ಟುಲೂಸ್‌ನಲ್ಲೂ ಇದೇ ವಿಷ. ಯಹೂದಿ ಶಾಲೆಯ ಮುಂದೆ ಮೂರು ಮಕ್ಕಳನ್ನೂ ಒಬ್ಬ ಮೇಷ್ಟ್ರನ್ನೂ ಗುಂಡಿಟ್ಟು ಕೊಂದ, ಅಲ್ ಖೈದಾ ಹೆಸರು ಹೇಳಿಕೊಂಡವನು.

ಈ ದ್ವೇಷ ನಮ್ಮ ಕರಾವಳಿಯಲ್ಲಿ ಹುಟ್ಟಿದ್ದಲ್ಲ. ಕೊಂಕಣದ ಬೆನೆ ಇಸ್ರೇಲಿಗಳು ಎಂಬ ಯಹೂದಿಗಳು ಗಾಣದಲ್ಲಿ ಎಣ್ಣೆ ತೆಗೆದು ಬದುಕಿದವರು. ಶನಿವಾರ ಯಹೂದಿಗಳಿಗೆ ವಿಶ್ರಾಂತಿಯ ದಿನ, ಅವತ್ತು ಗಾಣ ನಿಲ್ಲಿಸುತ್ತಿದ್ದರು. ಅಕ್ಕಪಕ್ಕದವರು ‘ಶನಿವಾರ ತೇಲಿ’, ಅಂದರೆ ಶನಿವಾರದ ಗಾಣಿಗರು, ಅಂತ ಕರೆದು ಸುಮ್ಮನಾದರು. ತಲೆಮಾರುಗಟ್ಟಲೆ ಹಾಗೇ ನಡೆಯಿತು.

ಇದನ್ನೇ ಹಿಡಿದುಕೊಂಡು ಪಕ್ಕದ ಮನೆಯ ಸಾಬರನ್ನು ಬೈಯಲು ಕಾಯುತ್ತಿರುವವರಿಗೆ ಒಂದು ಮಾತು. ಆ ದಾಳಿಯಲ್ಲಿ ಸತ್ತವರಲ್ಲಿ ಮುಸ್ಲಿಮರೂ ಇದ್ದರು. ಸತ್ತ ಒಂಬತ್ತು ಹಂತಕರನ್ನು ಹೂಳಲು ಮುಂಬೈಯ ಜಾಮಾ ಮಸೀದಿ ಟ್ರಸ್ಟ್ ತನ್ನ ಬಡಾ ಕಬರಸ್ತಾನದಲ್ಲಿ ಜಾಗ ಕೊಡಲಿಲ್ಲ. ಹೆಣಗಳು ಒಂದು ವರ್ಷಕ್ಕೂ ಜಾಸ್ತಿ ಆಸ್ಪತ್ರೆಯ ಶವಾಗಾರದಲ್ಲೇ ಇದ್ದವು. ಕೊನೆಗೆ 2010ರ ಜನವರಿಯಲ್ಲಿ ಸರ್ಕಾರವೇ ಯಾರಿಗೂ ತಿಳಿಯದ ಜಾಗದಲ್ಲಿ ಹೂಳಿತು.